ಹನ್ನೊಂದನೆಯ ಓಟು

ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರ ಬಾಯಿ ಸುಮ್ಮನಿರುವುದಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿದರೆ ಸಾಕು, ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ. ಚುನಾವಣೆಯ ಫಲಿತಾಂಶ ಬಂದ ಮೇಲಂತೂ ಕೂತವರೆಲ್ಲ ತಪ್ಪೊಪ್ಪಿಕೊಂಡವರೇ.

ನಮ್ಮಲ್ಲಿ ಬೀಗದ ಗುರುತಿನವರು, ಗಂಟೆ ಗುರುತಿನವರು ಬಿಟ್ಟರೆ ಮೂರನೆಯವರು ಗೆದ್ದದ್ದೇ ಇಲ್ಲ. ಅಂಥದ್ದರಲ್ಲಿ ನನ್ನಕ್ಕ, ಆಸ್ಪತ್ರೆಯ ನರ್ಸು, ಹೊಸ ಪಕ್ಷ ಕಟ್ಟಿ ತಾನೇ ನಿಂತಳು. ಗುರುತು ಬಾಚಣಿಗೆ. "ನಿನ್ನ ಕಸುಬಿಂದೇ ಇರ್ಲಿ ಕಣೋ" ಎಂದು ನಕ್ಕಿದ್ದಳು. ಗೆಲ್ಲುತ್ತೇನೆಂಬ ಭ್ರಮೆ ಅವಳಿಗಿರಲಿಲ್ಲ. ಸಾವಿರ ಓಟು ಬಂದರೆ ಪಕ್ಷ ಉಳಿಯುತ್ತದೆ, ಇಲ್ಲವಾದರೆ ಮುಂದಿನ ಸಲ ಮತಪತ್ರದಲ್ಲಿ ಬಾಚಣಿಗೆಯೇ ಇರುವುದಿಲ್ಲ. ಬಂದದ್ದು ಒಂಬೈನೂರ ಎಂಬತ್ತೊಂಬತ್ತು.

ಮರುದಿನ ಅಕ್ಕ ಒಂದು ಪಟ್ಟಿ ಹಿಡಿದು ಅಂಗಡಿಗೆ ಬಂದಳು. "ಖಂಡಿತ ಹಾಕ್ತೀವಿ ಅಂದ ಸಾವಿರ ಜನಾನೂ ಇದ್ರಲ್ಲಿದಾರೆ. ಕೈ ಕೊಟ್ಟ ಆ ಹನ್ನೊಂದು ಜನ ಯಾರು ಅಂತ ನಂಗೆ ಗೊತ್ತಾಗ್ಬೇಕು."

ಪತ್ತೆ ಮಾಡುವುದು ಕಷ್ಟವಾಗಲಿಲ್ಲ. "ನಿಮ್ಮಕ್ಕ ಬಂಗಾರದಂಥವ್ಳು. ಆದ್ರೆ ಓಟು ಯಾಕೆ ದಂಡ ಮಾಡ್ಲಿ? ಗಂಟೆಯವ್ನು ಬಂದ್ಬಿಟ್ರೆ ಗತಿ ಏನು?" ಎಂದ ಟೈಲರ್. ಬೇಕರಿಯವನದೂ ಅದೇ ರಾಗ, ಅವನಿಗೆ ಬೀಗದವನ ಭಯ ಅಷ್ಟೆ. ನಾನು ಒಬ್ಬೊಬ್ಬರ ಹೆಸರನ್ನೂ ಅಕ್ಕನಿಗೆ ಮುಟ್ಟಿಸಿದೆ, ನಾಚಿಕೆಗೆಟ್ಟವನ ಹಾಗೆ. ವಾರದಲ್ಲಿ ಹತ್ತಾಯಿತು.

"ಇನ್ನೊಬ್ರು ಯಾರೋ?"

ಇನ್ನೊಬ್ಬ ನಾನು. ಮತಗಟ್ಟೆಯ ರಟ್ಟಿನ ಮರೆಯಲ್ಲಿ ಮುದ್ರೆ ಹಿಡಿದಾಗ ಗಂಟೆಯವನ ಮುಖ ಕಣ್ಣೆದುರು ಬಂದು ಹೆದರಿದೆ, ಬೀಗದ ಮೇಲೆ ಒತ್ತಿದೆ. ನನ್ನೊಬ್ಬನದು ಹೋದರೆ ಏನಾದೀತು ಎಂದುಕೊಂಡಿದ್ದೆ. ಆ ಹತ್ತು ಜನರೂ ಅದನ್ನೇ ಅಂದುಕೊಂಡಿದ್ದರು.

"ಪೋಸ್ಟ್‌ಮ್ಯಾನ್ ಇರ್ಬೇಕು" ಎಂದುಬಿಟ್ಟೆ. ನನ್ನ ಕುರ್ಚಿಯಲ್ಲಿ ತುಟಿ ಬಿಚ್ಚದ ಗಿರಾಕಿ ಆ ಮುದುಕರೊಬ್ಬರೇ. ಅಕ್ಕನ ಮುಖ ಸಪ್ಪಗಾಯಿತು. ಪೆನ್ನು ತೆಗೆದು ಆ ಹೆಸರನ್ನು ಹೊಡೆದುಹಾಕಿದಳು. "ಸದ್ಯ, ನೀನೊಬ್ಬ ಇದ್ಯಲ್ಲ" ಎಂದು ನನ್ನ ಬೆನ್ನು ತಟ್ಟಿ ಹೋದಳು.

ನಿನ್ನೆ ಪೋಸ್ಟ್‌ಮ್ಯಾನ್ ಬಂದರು. ನೊರೆ ಹಚ್ಚಿದೆ. ಎಂದೂ ಮಾತಾಡದವರು ಮಾತಾಡಿದರು.

"ನಿಮ್ಮಕ್ಕ ಎದುರಿಗೆ ಸಿಕ್ರೂ ಮುಖ ತಿರುಗಿಸ್ಕೊಂಡು ಹೋಗ್ತಾಳೆ ಕಣಪ್ಪಾ. ನನ್ನಿಂದ ಏನು ತಪ್ಪಾಯ್ತೋ ಕಾಣೆ. ಮಂಡಿ ನೋವಲ್ಲೂ ಹೋಗಿ ಬಾಚಣಿಗೆಗೇ ಒತ್ತಿ ಬಂದೆ. ಮುಂದಿನ ಸಲಾನೂ ಅದಕ್ಕೇ ಅಂತ ಅವ್ಳಿಗೆ ಹೇಳ್ತೀಯಾ?"

ಮುಂದಿನ ಸಲ ಬಾಚಣಿಗೆ ಇರುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಹೇಳ್ತೀನಿ" ಎಂದೆ. ಅದನ್ನು ಹೇಳಬೇಕಾದರೆ ಮೊದಲು ಇನ್ನೊಂದನ್ನು ಹೇಳಬೇಕು. ಅವರ ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಕತ್ತಿ ಹಿಡಿದ ನನ್ನ ಕೈ ಮೇಲೇಳಲಿಲ್ಲ.