ನುಂಗದ ಮಾತ್ರೆ

ಸಿಸ್ಟರಮ್ಮ ಎಂದರೆ ಒಂದು ಕಾಲಕ್ಕೆ ಇಡೀ ವಾರ್ಡಿಗೆ ಹೆದರಿಕೆ. ಮಾತ್ರೆ ಕೈಗಿಟ್ಟು ಹೋಗುವವಳಲ್ಲ; ರೋಗಿ ನುಂಗಿ ನೀರು ಕುಡಿಯುವವರೆಗೂ ಮಂಚದ ಬಳಿ ಕಲ್ಲುಗುಂಡಿನಂತೆ ನಿಲ್ಲುವವಳು. ನಿವೃತ್ತಳಾಗಿ ಹದಿನಾಲ್ಕು ವರ್ಷದ ಮೇಲೆ, ಈಗ ಅದೇ ಆಸ್ಪತ್ರೆಯಲ್ಲಿ ಎಡಗೈಯನ್ನು ಕತ್ತಿನ ಜೋಳಿಗೆಗೆ ಹಾಕಿಕೊಂಡು ರೋಗಿಯ ಕುರ್ಚಿಯಲ್ಲಿ ಕೂತಿದ್ದಳು. ಬಚ್ಚಲಿನ ಹೊಸ್ತಿಲು ಎಡವಿದ್ದಷ್ಟೆ. ಭುಜದ ಮೂಳೆ ರಸ್ಕಿನಂತೆ ಮುರಿದಿತ್ತು.

"ಆಪರೇಷನ್ ಬೇಡ ಸಿಸ್ಟರ್, ಮೂಳೆ ಹೆಚ್ಚು ಸರಿದಿಲ್ಲ," ಎಂದಳು ಎಕ್ಸರೇ ನೋಡಿದ ಡಾಕ್ಟರಮ್ಮ. "ಮುಂದಿನ ವಾರದಿಂದ ಬಗ್ಗಿ ನಿಂತು ಕೈ ತೂಗಾಡಿಸಬೇಕು. ಇಲ್ದಿದ್ರೆ ಭುಜ ಬಿಗಿದುಕೊಳ್ಳುತ್ತೆ. ಮೂಳೆ ಸವೆತಕ್ಕೆ ಕೊಟ್ಟ ವಾರದ ಮಾತ್ರೆ ತಪ್ಪಿಸಿಲ್ಲ ತಾನೆ?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಎದೆಯುಬ್ಬಿಸಿದ. "ಎರಡು ವರ್ಷದಲ್ಲಿ ಒಂದು ವಾರಾನೂ ತಪ್ಪಿಲ್ಲ ಡಾಕ್ಟ್ರೇ. ನಾನೇ ಕೈಯಾರೆ ಕೊಡ್ತೀನಿ. ಇವಳ ಕೈಕೆಳಗೆ ನಲವತ್ತು ವರ್ಷ ಟ್ರೈನಿಂಗ್ ಆಗಿದೆಯಲ್ಲ."

ಡಾಕ್ಟರಮ್ಮ ನಕ್ಕು, ಮತ್ತೆ ಗಂಭೀರಳಾದಳು. "ಹಾಗಾದ್ರೆ ಆ ಮಾತ್ರೆ ಇವರಿಗೆ ಕೆಲಸ ಮಾಡ್ತಿಲ್ಲ. ನಿಲ್ಲಿಸೋಣ. ದಿನಾ ಚುಚ್ಚಿಕೊಳ್ಳೋ ಇಂಜೆಕ್ಷನ್ ಬರೀತೀನಿ."

ಗಂಡನ ಮುಖ ಬಾಡಿತು. "ಕೆಲಸಕ್ಕೆ ಬಾರದ್ದನ್ನ ಕೊಡ್ತಾ ಕೂತಿದ್ದೆನಾ ನಾನು? ಮೊದಲೇ ಕರಕೊಂಡು ಬಂದಿದ್ರೆ ಇವಳ ಕೈ ಉಳೀತಿತ್ತೇನೋ."

ಸಿಸ್ಟರಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆ ಮಾತ್ರೆ ನುಂಗಿದರೆ ಅರ್ಧ ಗಂಟೆ ಚಹಾ ಇಲ್ಲದೆ ನೆಟ್ಟಗೆ ಕೂರಬೇಕು. ಮೊದಮೊದಲು ಎದೆಯೂ ಉರಿದಿತ್ತು. ಆಮೇಲೆ ಕೆನ್ನೆಯೊಳಗೆ ಒತ್ತರಿಸಿಕೊಂಡು, ಗಂಡ ಬೆನ್ನು ತಿರುಗಿಸಿದೊಡನೆ ಸಿಂಕಿಗೆ ಉಗಿಯುತ್ತಿದ್ದಳು. ಸಾವಿರ ರೋಗಿಗಳ ಕಳ್ಳಾಟ ಹಿಡಿದವಳಿಗೆ ಕಳ್ಳಾಟ ಯಾರು ಹೇಳಿಕೊಡಬೇಕು?

ಡಾಕ್ಟರಮ್ಮನ ಪೆನ್ನು ಓಡುತ್ತಿತ್ತು. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ತಪ್ಪು ಗಂಡನ ತಲೆಗೆ ಕೂರುತ್ತದೆ.

"ಬರೀಬೇಡಮ್ಮ," ಎಂದಳು ನೆಲ ನೋಡುತ್ತ. "ಮಾತ್ರೆದೇನೂ ತಪ್ಪಿಲ್ಲ. ನಾನು ನುಂಗೇ ಇಲ್ಲ. ಎದೆ ಉರೀತು, ಬಿಟ್ಟೆ."

"ಹೇಳಿದ್ರೆ ಬೇರೆ ಏನಾದ್ರೂ ಕೊಡ್ತಿದ್ವಲ್ಲ ಸಿಸ್ಟರ್."

"ಯಾವ ಮುಖ ಇಟ್ಕೊಂಡು ಹೇಳ್ಲಿ? ಎದೆ ಉರಿ ಅಂದವರನ್ನೆಲ್ಲ ನೆಪ ಹೇಳ್ತೀರಿ ಅಂತ ಬೈದವಳು ನಾನು."

ಡಾಕ್ಟರಮ್ಮ ಚೀಟಿ ಹರಿದು, ನುಂಗುವ ಕಾಟವಿಲ್ಲದ, ವರ್ಷಕ್ಕೊಮ್ಮೆ ನರಕ್ಕೆ ಹಾಕುವ ಡ್ರಿಪ್ ಬರೆದುಕೊಟ್ಟಳು. ಗಂಡ ಹೊರಗೆ ಬಂದು, ಬಗ್ಗಲಾಗದ ಅವಳ ಚಪ್ಪಲಿಯ ಪಟ್ಟಿಯನ್ನು ತಾನೇ ಕೂತು ಬಿಗಿದ.

"ಬೈದುಬಿಡಿ ರೀ."

"ಬೈದು ಏನು ಮಾಡ್ಲಿ? ನಮ್ಮ ಬೀದಿಯ ಮೂರು ಮುದುಕಿಯರಿಗೆ ನಿನ್ನನ್ನ ನೋಡಿ ಕಲೀರಿ ಅಂತ ಹೇಳಿ ಆ ಮಾತ್ರೆ ನುಂಗಿಸಿದೀನಿ ಕಣೇ. ಮೂವರೂ ಗಟ್ಟಿಮುಟ್ಟಾಗಿದಾರೆ. ಸಂಜೆ ನಿನ್ನ ನೋಡೋಕೆ ಬರ್ತಾರಂತೆ."

ಎದ್ದು ನಿಂತು ತೋಳು ಚಾಚಿದ. ಅವಳು ಮುಖವೆತ್ತದೆ ಅದನ್ನು ಹಿಡಿದುಕೊಂಡಳು.