ಉಮಾಶ್ರೀಯ ಮಾತು

"ಬಾಯಿ ತೆಗಿ, ಯವ್ವಾ," ಎಂದು ಕಾವೇರಿ ಮಗಳ ಗಲ್ಲ ಹಿಡಿದಳು. ಮೂರು ತುಂಬಿದ ಉಮಾಶ್ರೀ ಬಾಯಿ ತೆಗೆದು, ನಾಲಿಗೆಗೆ ತೇದ ಬಜೆ ಹಚ್ಚಿಸಿಕೊಂಡು, ಮುಖ ಸಿಂಡರಿಸಿದಳು. ಸದ್ದು ಮಾತ್ರ ಹೊರಡಲಿಲ್ಲ. ಬಜೆ ಹಚ್ಚಿದರೆ ಮಾತು ಬರುತ್ತದೆಂದು ಯಾದಗಿರಿಯಿಂದ ಅತ್ತೆ ಕಳಿಸಿದ್ದ ಬೇರು ಆರು ತಿಂಗಳಲ್ಲಿ ಸವೆದು ಕಿರುಬೆರಳಷ್ಟಾಗಿತ್ತು. ಅಷ್ಟು ಬಜೆ ತಿಂದಿದ್ದರೆ ಒರಳುಕಲ್ಲೂ ಎರಡು ಮಾತಾಡುತ್ತಿತ್ತೇನೋ.

ರಾತ್ರಿ ಪಾಳಿಯ ವಾಚ್‌ಮನ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಗಂಡ ಭೀಮು ಚಾಪೆ ಹಾಸಿಕೊಂಡ. ಲಿಂಗರಾಜಪುರದ ಆ ಒಂದೇ ಕೋಣೆಯಲ್ಲಿ ಅವನು ಮಲಗಿದರೆ ಉಳಿದವರು ಉಸಿರು ಬಿಗಿಹಿಡಿಯಬೇಕು.

"ನಾಳಿಗಿ ಬಸ್ಸಿನ ಟಿಕೆಟ್ ಮಾಡ್ಸೀನಿ. ಕೂಸು ಊರಾಗ ನಮ್ಮವ್ವನ ಬಲ್ಲಿ ಇರ್ಲಿ. ಹತ್ತು ಮಂದಿ ನಡುವ ಇದ್ರ ಮಾತು ಬರ್ತಾವ."

"ನನ್ನ ಬಿಟ್ಟು ಹ್ಯಾಂಗ ಇರ್ತದ ಅದು?"

"ನಿನ್ನ ಸಂಗಟ ಇದ್ದು ಏನು ಕಲ್ತದ?"

ಕಾವೇರಿ ಮಗಳನ್ನು ಎತ್ತಿಕೊಂಡು ಕುಕ್ ಟೌನಿಗೆ ಕೆಲಸಕ್ಕೆ ಹೊರಟಳು.

ಅಲ್ಲಿಯ ಮನೆಯೊಡತಿ ಶಾಂಭವಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಂಪ್ಯೂಟರ್ ಮುಂದೆ ಕೂತು ಯಾವ್ಯಾವುದೋ ದೇಶದವರೊಂದಿಗೆ ಮಾತಾಡುವವಳು. ಕೆಟ್ಟವಳಲ್ಲ, ಮಗುವಿಗೆ ದಿನಾ ಬಿಸ್ಕತ್ತು ಕೊಡುತ್ತಿದ್ದಳು. ಒಂದೂವರೆ ವರ್ಷದ ಹಿಂದೆ, ಮೊದಲ ದಿನ, ಒಂದೇ ಒಂದು ಮಾತು ಹೇಳಿದ್ದಳು: "ನಾನು ಕಾಲ್‌ನಲ್ಲಿರ್ತೀನಿ ಕಾವೇರಿ, ಪಾಪುನ ಸ್ವಲ್ಪ ಸುಮ್ನಿರ್ಸು." ಅಂದಿನಿಂದ ಕಾವೇರಿ ಪಾತ್ರೆಯನ್ನೂ ಸದ್ದಾಗದಂತೆ ಜೋಡಿಸುವುದನ್ನು ಕಲಿತಳು. "ನಿನ್ ಮಗಳಷ್ಟು ಜಾಣೆನ ನಾನು ನೋಡೇ ಇಲ್ಲ," ಎಂದು ಶಾಂಭವಿ ಹೊಗಳಿದಾಗಲೆಲ್ಲ ತಾಯಿ ಹಿಗ್ಗಿದ್ದೂ ನಿಜ.

ಆ ದಿನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಒಗೆಯುವ ಕಲ್ಲಿನ ಆಚೆಯಿಂದ ಸಣ್ಣ ಸದ್ದು ಕೇಳಿತು. ಕಾವೇರಿ ಬಗ್ಗಿ ನೋಡಿದಳು. ಉಮಾಶ್ರೀ ಬಟ್ಟೆಯ ಕ್ಲಿಪ್ಪುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದಳು. ತುಟಿ ಅಲುಗುತ್ತಿತ್ತು.

"ಇದು ದೊಡ್ಡದು. ಇದು ಸಣ್ಣದು. ಸಣ್ಣದಕ್ಕ ಥಂಡಿ ಆಗ್ಯದ. ಅಳಬ್ಯಾಡ, ಬಿಸಿಲಾಗ ಕುಂದ್ರು. ಅವ್ವ ಬಟ್ಟಿ ಒಗದು ಬರ್ತಾಳ. ಆಮ್ಯಾಲ ಬಿಸ್ಕೀಟು ತಿನ್ನಮು."

ಎಲ್ಲವೂ ಪಿಸುದನಿಯಲ್ಲಿ, ಒಂದು ಪದವೂ ತಡವರಿಸದೆ. ಕಾವೇರಿಯ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಸಂತೋಷದಿಂದ ಅವಳು ಓಡಿಹೋಗಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಏನಂದಿ ನನ್ನವ್ವ? ಇನ್ನೊಮ್ಮಿ ಅನ್ನು," ಎಂದಳು, ದನಿ ಏರಿದ್ದು ಗೊತ್ತಾಗದೆ.

ಉಮಾಶ್ರೀ ಬೆಚ್ಚಿಬಿದ್ದು ಕಿಟಕಿಯತ್ತ ನೋಡಿದಳು. ಆಮೇಲೆ ತನ್ನ ಪುಟ್ಟ ಬೆರಳನ್ನು ತಾಯಿಯ ತುಟಿಯ ಮೇಲಿಟ್ಟಳು.

"ಮೆಲ್ಲಕ, ಅವ್ವಾ. ಅಕ್ಕೋರು ಬೈತಾರ. ಕೆಲಸ ಹೋಗ್ತದ."

ಅದು ದಿನಾ ಮಗಳ ಕಿವಿಯಲ್ಲಿ ಉಸುರುತ್ತಿದ್ದ ಕಾವೇರಿಯದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ. ಶಾಂಭವಿ ಎಂದೂ ಬೈದವಳಲ್ಲ. ಕಾವೇರಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳುವೂ ಬಂತು.

ಅವಳು ಮಗಳನ್ನು ಎತ್ತಿಕೊಂಡು ನಡುಮನೆ ಹಾದು, ಕಾಲ್‌ನಲ್ಲಿದ್ದ ಶಾಂಭವಿ ಹುಬ್ಬೇರಿಸಿದ್ದನ್ನು ನೋಡಿಯೂ ನಿಲ್ಲದೆ, ಗೇಟು ದಾಟಿ ರಸ್ತೆಗೆ ಬಂದಳು. ಹೊಂಗೆ ಮರದ ಕೆಳಗೆ ಮಗಳನ್ನು ಇಳಿಸಿದಳು.

"ಇಲ್ಲಿ ಅನ್ನು. ಯಾರೂ ಬೈಯಲ್ಲ."

"ಜೋರಾ?" ಮಗಳು ಪಿಸುಗುಟ್ಟಿದಳು.

"ಜೋರಾ."

ಉಮಾಶ್ರೀ ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡಳು.