ಮೊದಲ ಗಂಟೆಯ ಹಾಜರಿ

ಜಪಾನಿನ ಫುಕುವೋಕಾದ ಆ ಭಾಷಾಶಾಲೆಯಲ್ಲಿ ಪಾಠ ಹೇಗಿದೆ ಎಂದು ಗಂಗಲಕ್ಷ್ಮಿ ಯಾರನ್ನೂ ಕೇಳಲಿಲ್ಲ. ಶಿರಾದ ಪ್ರಸನ್ನ ಕುಮಾರ್ ಅಲ್ಲಿದ್ದಾನೆ, ಅಷ್ಟು ಸಾಕಾಗಿತ್ತು.

ಇಬ್ಬರೂ ಮಧುಗಿರಿಯಲ್ಲಿ ವೀರಭದ್ರಯ್ಯ ಮೇಷ್ಟ್ರ ಬಳಿ ಜಪಾನಿ ಅಕ್ಷರ ತಿದ್ದಿದವರು. ಆ ಶಾಲೆ ಒಬ್ಬರಿಗೆ ಶುಲ್ಕವಿಲ್ಲದ ಸೀಟು ಕೊಡುವುದಾಗಿ ಹೇಳಿ ಮಧುಗಿರಿಯಲ್ಲೇ ಸಂದರ್ಶನ ಇಟ್ಟಿತು. ಆ ಬೆಳಿಗ್ಗೆ ತನ್ನೂರು ಬಲಸಮುದ್ರದಿಂದ ಹೊರಟ ಗಂಗಲಕ್ಷ್ಮಿಯ ಬಸ್ಸು ಮಿಡಿಗೇಶಿಯ ಹತ್ತಿರ ಕೆಟ್ಟು ನಿಂತಿತು. ಅವಳು ಪ್ರಸನ್ನನಿಗೆ ಫೋನು ಮಾಡಿದಳು.

‘ನನ್ನ ಕೊನೇಗೆ ಕರೀರಿ ಅಂತ ಹೇಳು. ಯಾವ್ದಾದ್ರೂ ಗಾಡಿ ಹತ್ಕಂಡು ಬಂದ್ಬುಡ್ತೀನಿ.’

‘ನಾನ್ ಹೇಳ್ತೀನಿ ಬುಡು. ನೀನು ಗಾಬ್ರಿ ಬೀಳ್ಬ್ಯಾಡ ಕಣಮ್ಮ.’

ಟೊಮ್ಯಾಟೊ ತುಂಬಿದ ಟೆಂಪೊ ಹತ್ತಿ ಅವಳು ಮಧುಗಿರಿ ಮುಟ್ಟುವಷ್ಟರಲ್ಲಿ ಜಪಾನಿನವರು ಹೊರಟುಹೋಗಿದ್ದರು. ವೀರಭದ್ರಯ್ಯ ಬಾಗಿಲಲ್ಲೇ ನಿಂತು ಕೇಳಿದರು: ‘ಇದೇನಮ್ಮ? ನಿಂಗೆ ಮದುವೆ ಗೊತ್ತಾಗೈತೆ, ಇನ್ನು ಬರಲ್ಲ ಅಂದ್ನಲ್ಲ ಪ್ರಸನ್ನ?’

ಸೀಟು ಅವನಿಗೆ ಹೋಯಿತು.

ಅವಳು ಊರ ಪಕ್ಕದ ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಹೆಂಗಸರ ಹಾಜರಿ ಬರೆಯುವ ಕೆಲಸಕ್ಕೆ ಸೇರಿದಳು. ಫಲಕಗಳ ನೆರಳಿನಲ್ಲಿ ಕೂತು ಕಾಂಜಿ ಎಂಬ ಜಪಾನಿ ಚಿತ್ರಾಕ್ಷರಗಳನ್ನು ಬರೆದಳು. ಪಾರ್ಕಿಗೆ ಕೊಟ್ಟ ಹೊಲದ ಬಾಡಿಗೆಯನ್ನು ಅಪ್ಪ ಕದರಪ್ಪ ಮಗಳ ಕೈಗಿಟ್ಟ. ಪ್ರಸನ್ನ ಹೋದ ಆರು ತಿಂಗಳಿಗೆ ಅವಳೂ ಫುಕುವೋಕಾದಲ್ಲಿ ಇಳಿದಳು. ಮಟ್ಟ ನೋಡುವ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ್ದು ಅವನದೇ ತರಗತಿ.

‘ಅಯ್ಯೋ ಗಂಗಾ! ಬಿಸ್ಲನ್ನೂ ಬಾಡಿಗೆಗೆ ಕೊಡೋ ಊರಿನೋಳು, ಇಲ್ಲಿಗೂ ಬಂದ್ಬುಟ್ಯಾ?’

‘ನೀನಿದೀಯ ಅಂತಾನೇ ಬಂದೆ.’

ಅವನು ಹಿಗ್ಗಿ ನಕ್ಕ. ಮಧುಗಿರಿಯ ಮಾತು ಅವನ ಬಾಯಿಗೆ ಬರಲಿಲ್ಲ, ಅವಳೂ ಎತ್ತಲಿಲ್ಲ.

ಆ ಶಾಲೆಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ದಿನಾ ಬೆಳಿಗ್ಗೆ ಪರೀಕ್ಷೆ. ಮಧುಗಿರಿಯಲ್ಲಿ ವರ್ಷ ಹಿಡಿದ ಪಾಠ ಇಲ್ಲಿ ಎರಡು ತಿಂಗಳಿಗೆ ಮುಗಿಯುತ್ತಿತ್ತು. ಮೊದಲ ಗಂಟೆ ಎಲ್ಲ ತರಗತಿಗಳನ್ನೂ ದೊಡ್ಡ ಸಭಾಂಗಣದಲ್ಲಿ ಕೂರಿಸಿ ಕಾಂಜಿ ಹೇಳಿಕೊಡುತ್ತಿದ್ದರು. ಬಾಗಿಲ ಪಕ್ಕದ ಯಂತ್ರಕ್ಕೆ ಕಾರ್ಡು ತಾಗಿಸಿದರೆ ಹಾಜರಿ. ಆ ಗಂಟೆ ತಪ್ಪಿದವನು ಆಮೇಲೆ ಬಂದು ಕೂತರೂ ಇಡೀ ದಿನ ಗೈರು. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ಪ್ರಸನ್ನನಿಗೆ ಆ ಗಂಟೆಯಲ್ಲೇ ನಿದ್ದೆ.

ಒಂದು ಸಂಜೆ ಅವನು ತನ್ನ ಕಾರ್ಡನ್ನು ಅವಳ ಕೈಗೆ ಕೊಟ್ಟ.

‘ನಿನ್ ಕಾರ್ಡಿನ ಜೊತೆ ನಂದೂ ತಾಗ್ಸು. ಡಿಗ್ರಿ ಓದುವಾಗ ಭೀಮರಾಜುಗೆ ನಾನು ಎಸ್ ಸಾರ್ ಅಂತಿದ್ದೆ, ನಂಗೆ ಅವನು. ಯಾವ ಮೇಷ್ಟ್ರಿಗೆ ಗೊತ್ತಾಯ್ತು? ಇಲ್ಲಂತೂ ದನಿ ಬದ್ಲಾಯಿಸೋ ಕಷ್ಟಾನೂ ಇಲ್ಲ.’

‘ಆಯ್ತು. ನೀನು ಗಾಬ್ರಿ ಬೀಳ್ಬ್ಯಾಡ.’

ಆಗಸ್ಟ್ ಪೂರ್ತಿ ಅವಳು ತಾಗಿಸಿದಳು. ತಿಂಗಳ ಕೊನೆಗೆ ಶಾಲೆ ಹಚ್ಚಿದ ಪಟ್ಟಿಯಲ್ಲಿ ಅವನ ಹಾಜರಿ ತುಂಬಿತ್ತು. ಆ ಖುಷಿಗೆ ಅವನು ಊರಿನಿಂದ ಬಂದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸಿ, ಕಾಳುಸಾರು ಮಾಡಿ ಅವಳನ್ನು ಕರೆದ. ಗಂಟಿಲ್ಲದ ಮುದ್ದೆ. ಊರು ಬಿಟ್ಟ ಮೇಲೆ ಅವಳು ಅಂಥದ್ದು ತಿಂದಿರಲಿಲ್ಲ. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಯಂತ್ರದ ಮುಂದೆ ನಿಂತು ತನ್ನ ಕಾರ್ಡು ಮಾತ್ರ ತಾಗಿಸಿದಳು. ಅವನದು ಚೀಲದಲ್ಲೇ ಉಳಿಯಿತು. ಸೆಪ್ಟೆಂಬರ್ ಹಾಗೇ ಕಳೆಯಿತು. ದಿನಾ ಎರಡನೆಯ ಗಂಟೆಗೆ ಅವನು ಆಕಳಿಸುತ್ತಾ ಬಂದು ‘ಹಾಕ್ದ್ಯಾ?’ ಎಂದು ಕೇಳುತ್ತಿದ್ದ, ಅವಳು ಹೂಂ ಎಂದು ತಲೆಯಾಡಿಸುತ್ತಿದ್ದಳು.

ಅಕ್ಟೋಬರಿನ ಮೊದಲ ವಾರ ಮೊರಿತಾ ಟೀಚರ್ ಪ್ರಸನ್ನನನ್ನು ಕಚೇರಿಗೆ ಕರೆದರು. ಒಂದೇ ಊರಿನ ಕಡೆಯವಳೆಂದು ಗಂಗಲಕ್ಷ್ಮಿಯನ್ನೂ ಕರೆಸಿದರು. ಅವನ ವೀಸಾ ಮುಂದುವರಿಯಲು ಶಾಲೆಯ ಶಿಫಾರಸು ಬೇಕಿತ್ತು.

‘ದಾಖಲೆಯಲ್ಲಿ ಇಡೀ ತಿಂಗಳು ಗೈರು,’ ಎಂದರು ಮೊರಿತಾ. ‘ಕಾಯಿಲೆಯೇ? ತಕ್ಕ ಕಾರಣವಿದ್ದರೆ ವಲಸೆ ಕಚೇರಿಗೆ ನಾನೇ ವಿವರಿಸುತ್ತೇನೆ.’

ಪ್ರಸನ್ನ ಗಂಗಲಕ್ಷ್ಮಿಯ ಕಡೆ ತಿರುಗಿದ. ‘ಕಾರ್ಡು ನಿನ್ ತಾವೇ ಇತ್ತಲ್ಲೇ!’ ಕನ್ನಡದಲ್ಲಿ ಪಿಸುಗುಟ್ಟಿದ. ಅದನ್ನು ಜಪಾನಿಯಲ್ಲಿ ಹೇಳುವಂತಿರಲಿಲ್ಲ. ಕಾರ್ಡು ಇನ್ನೊಬ್ಬರಿಗೆ ಕೊಟ್ಟವನಿಗೆ ಶಾಲೆಯಲ್ಲಿ ಜಾಗವೇ ಇಲ್ಲ. ‘ಹುಷಾರಿರಲಿಲ್ಲ ಅಂತ ನೀನಾದ್ರೂ ಹೇಳೇ. ನಿನ್ ಮಾತು ನಂಬ್ತಾರೆ.’

‘ನಿನಗೆ ಏನಾದರೂ ಗೊತ್ತೇ?’ ಮೊರಿತಾ ಅವಳನ್ನು ಕೇಳಿದರು.

ಗಂಗಲಕ್ಷ್ಮಿ ಎದ್ದು ನಿಂತು, ಕಲಿಸಿದಂತೆ ಬಗ್ಗಿ, ಒಂದೂ ತಪ್ಪಿಲ್ಲದ ಜಪಾನಿಯಲ್ಲಿ ಹೇಳಿದಳು: ‘ಅವರಿಗೆ ಮದುವೆ ಗೊತ್ತಾಗಿದೆ. ಇನ್ನು ಬರುವುದಿಲ್ಲವಂತೆ.’

ಮೊರಿತಾರ ಮುಖ ಅರಳಿತು. ಶಿಫಾರಸಿಗೆಂದು ತೆರೆದಿಟ್ಟಿದ್ದ ಫೈಲನ್ನು ಮುಚ್ಚಿ, ಪ್ರಸನ್ನನಿಗೆ ಬಗ್ಗಿ ಶುಭ ಕೋರಿದರು.

‘ಏನಂದ್ಯೇ ನೀನು?’ ಅದು ಸುಳ್ಳೆಂದರೆ ಅವನು ತಿಂಗಳ ಗೈರಿಗೆ ಬೇರೆ ಕಾರಣ ಕೊಡಬೇಕಿತ್ತು.

‘ನೀನಂದಿದ್ದೇ ಕಣ್ಲಾ. ಮಧುಗಿರೀಲಿ.’

ಚೀಲದಿಂದ ಅವನ ಕಾರ್ಡು ತೆಗೆದು, ಜಪಾನಿನವರು ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.